ಶಹಾಬಾದ್ ರೂಟಿನ ಬಸ್ಸಿನ ಎವರೇಜ್

ವಾಡಿ,
ಫೆಬ್ರವರಿ 11, 2008

ಚಂದ್ರಲಾಳ ಅಪ್ಪನವರಿಗೆ,

ನಾಗರತ್ನಾ ಮಾಡುವ ನಮಸ್ಕಾರಗಳು. ಇಲ್ಲಿ ನಾನು, ಮಗಳು, ಮಾವನವರು ಮೂವರೂ ಆರಾಮ ಇದ್ದೇವೆ. ನೀವು ಹೇಗಿದ್ದೀರಿ? ಸೋಲಾಪುರದ ನೀರು ಒಗ್ಗಿತೋ ಇಲ್ಲವೋ, ಲಾರಿ ಮೇಲೆ ಹೋದಾಗ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೋ ಇಲ್ಲವೋ ಎಂದು ರೊಟ್ಟಿ ಬಡಿಯುವಾಗೆಲ್ಲ ನೆನಪಾಗುತ್ತದೆ. ಸೊಂಟನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತೀರಾ? ತಿಕ್ಕಿಕೊಳ್ಳುವುದಿಲ್ಲ, ನನಗೆ ಗೊತ್ತು. ಎಳ್ಳಮಾಸಿ ಹಬ್ಬಕ್ಕೆ ಬಜ್ಜಿ ಮಾಡಿದ್ದೆ. ಚಂದ್ರಲಾ ಮರೆತು ನಿಮ್ಮ ತಾಟನ್ನೂ ಇಟ್ಟುಬಿಟ್ಟಳು; ತೆಗೆಯಲು ನನಗೆ ಮನಸ್ಸಾಗಲಿಲ್ಲ. ಮಾವನವರು ಅದನ್ನು ನೋಡುತ್ತಲೇ ಉಂಡೆದ್ದರು.

ನಿಮ್ಮ ಲಾರಿ ಆಫೀಸಿನ ವಿಳಾಸ ತಂದುಕೊಟ್ಟವನು ಸರ್ದಾರ. ಈಗ ಶಹಾಬಾದ್ ರೂಟಿನ ನಿಮ್ಮ ಶಾಲೆ ಬಸ್ಸು ಓಡಿಸುತ್ತಿರುವವನೂ ಅವನೇ. ಅವನ ಮೇಲೆ ಸಿಟ್ಟಾಗಬೇಡಿ. ಮೊದಲ ದಿನ ಗಾಡಿ ಹತ್ತುವ ಮುಂಚೆ ನನ್ನ ಹತ್ತಿರ ಬಂದು, "ಭಾಬಿ, ಅರುಣಣ್ಣ ಬರೋ ತನಕ ಅಷ್ಟ" ಎಂದು ಹೇಳಿಯೇ ಹತ್ತಿದ. ಫೋನು ಹಚ್ಚಬಹುದಿತ್ತು. ಆದರೆ ಹಚ್ಚಿದಾಗೆಲ್ಲ ಆಫೀಸಿನವರು ಗಾಡಿ ಮೇಲೆ ಹೋಗಿದ್ದಾರೆ ಎನ್ನುತ್ತಾರೆ, ಒಮ್ಮೆ ಸಿಕ್ಕಾಗ ನೀವು ಹ್ಞೂಂ ಎಂದು ಇಟ್ಟುಬಿಟ್ಟಿರಿ. ಕಾಗದವನ್ನು ಹಾಗೆ ನಡುವೆಯೇ ಇಟ್ಟುಬಿಡಲು ನಿಮ್ಮಿಂದ ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಪೂರ್ತಿ ಓದಿರಿ.

ನೀವು ಹೊರಟ ದಿನದ ಮಾತು ಮತ್ತೆ ಎತ್ತುವುದು ನಿಮಗೆ ಬೇಡ. ನನಗೂ ಬೇಡ. ಆದರೆ ಅದನ್ನು ಎತ್ತದೆ ಮುಂದಿನದನ್ನು ಹೇಳಲು ಬರುವುದಿಲ್ಲ. ಶಾಲೆಯ ಮೂರು ಬಸ್ಸುಗಳಲ್ಲಿ ನಿಮ್ಮದೇ ಹೊಸದು, ನಿಮ್ಮದೇ ಹೆಚ್ಚು ಡೀಸೆಲ್ ಕುಡಿಯುವುದು. ಚಿತ್ತಾಪುರಕ್ಕೆ ಹೋಗುವ ಹಳೇ ಬಸ್ಸಿಗೆ ಹೊಗೆ ತಡೆಯುವ ಯಾವ ಸಾಮಾನೂ ಇಲ್ಲ, ಆದರೂ ಲೀಟರಿಗೆ ಇಷ್ಟು ಎಂದು ಓಡುವ ಎವರೇಜ್ ಅದರದು ಚೆನ್ನಾಗಿದೆ. ಹಳ್ಳಿಗಳಿಗೆ ಹೋಗುವ ಟರ್ಬೊ ಬಸ್ಸು ಅದಕ್ಕಿಂತ ವಾಸಿ. ಸೈಲೆನ್ಸರಿನಲ್ಲಿ ಹೊಗೆ ಸುಡುವ ಡಬ್ಬಿ, ಒಂದಿಷ್ಟು ಹೊಗೆಯನ್ನು ತಿರುಗಿ ಇಂಜಿನ್ನಿಗೇ ಕಳಿಸುವ ಪೈಪು, ಇಷ್ಟೆಲ್ಲ ಇರುವ ಹೊಸ ಬಸ್ಸು ಮಾತ್ರ ಯಾಕೆ ಹೀಗೆ ಎಂದು ಸೆಕ್ರೆಟರಿ ಶ್ರೀನಿವಾಸರಾಯರು ನಿಮ್ಮನ್ನು ಕರೆದು ಕೇಳಿದರು. "ಅರುಣಕುಮಾರ, ನಾ ನಿನಗ ಕಳ್ಳ ಅನ್ನಾಕತ್ತಿಲ್ಲ. ಆದ್ರ ಡೀಸೆಲ್ ಎಲ್ಲಿ ಹೋಗಾಕತ್ತದ, ನೀನೇ ಹೇಳು" ಎಂದರು. ಕಳ್ಳ ಎನ್ನದೆಯೇ ಅಂದಂತಾಯಿತು. ಅದನ್ನಾದರೂ ನೀವು ತಡೆದುಕೊಂಡಿರಿ. ಮನೆಗೆ ಬಂದರೆ ಮಾವನವರು, ಜೀವಮಾನವೆಲ್ಲ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿ ಓಡಿಸಿ ಒಂದು ಚಮಚೆ ಎಣ್ಣೆ ಕದಿಯದ ಮನುಷ್ಯ, ಬಾಗಿಲಲ್ಲೇ ನಿಂತು, "ಮಾರ್ಕೊಂಡಿದ್ರ ಮಾರ್ಕೊಂಡೀನಿ ಅಂತ ಒಪ್ಪಿಕೋ. ಸುಳ್ಳ ಹೇಳೋ ಮಗ ನನಗ ಬ್ಯಾಡ" ಎಂದುಬಿಟ್ಟರು. ನೀವು ಉಣ್ಣದೆ ಹೊರಟಿರಿ. ನಾನು ಜಂಕ್ಷನ್ ತನಕ ಬೆನ್ನು ಹತ್ತಿ ಬಂದದ್ದು, ನೀವು ತಿರುಗಿ ನೋಡದೆ ರೈಲು ಹತ್ತಿದ್ದು, ಅದೆಲ್ಲ ಇರಲಿ.

ನಾನು ಅದೇ ಬಸ್ಸಿನಲ್ಲಿ ಆಯಾ ಆಗಿ ದಿನಾ ಹೋಗಬೇಕು. ಚಂದ್ರಲಾ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗಬೇಕು. ನಿಮ್ಮ ಹಿಂದಿನ ಸೀಟು ಅವಳದೇ ಆಗಿತ್ತಲ್ಲ, ಆಮೇಲೆ ಅಲ್ಲಿ ಕೂಡಲಿಲ್ಲ. ಯಾರೋ ಒಬ್ಬ ಹುಡುಗ ಅವಳಿಗೆ "ಡೀಸೆಲ್ ಕಳ್ಳನ ಮಗಳು" ಅಂದನಂತೆ. ಅವಳು ತನ್ನ ಪಾಟಿಚೀಲ ಎತ್ತಿಕೊಂಡು ಹೋಗಿ ಕಡೇ ಸೀಟಿನಲ್ಲಿ ಕೂತಳು. ಆ ಹುಡುಗನ ಕಿವಿ ಹಿಂಡಬೇಕೆಂದು ನನ್ನ ಕೈ ತುರಿಸಿತು. ಹಿಂಡಿದರೆ ಇದ್ದ ಕೆಲಸವೂ ಹೋಗುತ್ತದೆ ಎಂದು ಸುಮ್ಮನಾದೆ. ಆ ದಿನದಿಂದ ನನಗೆ ಬೇಕಾದದ್ದು ಒಂದೇ: ನಿಮ್ಮ ಹೆಸರು ಎಲ್ಲಿ ಕೆಟ್ಟಿತೋ ಅಲ್ಲಿಯೇ, ಆ ಮಕ್ಕಳ ಮುಂದೆಯೇ, ಶುದ್ಧವಾಗಬೇಕು.

ವಿಚಿತ್ರವೆಂದರೆ ನೀವು ಹೋದ ಮೇಲೂ ಬಸ್ಸು ಮೊದಲಿನಷ್ಟೇ ಕುಡಿಯಿತು. ಕಳ್ಳ ಹೋದನಲ್ಲ, ಡೀಸೆಲ್ ಉಳಿಯಬೇಕಿತ್ತಲ್ಲ ಎಂದು ನಾನು ಕೇಳಿದ ಮೇಲೆ ರಾಯರು ಗಾಡಿಯನ್ನು ಮಿಸ್ತ್ರಿಗೆ ತೋರಿಸಿದರು. ಆಮೇಲೆ ತಪ್ಪು ಹೊರಿಸಲು ಉಳಿದದ್ದು ಸೈಲೆನ್ಸರಿನ ಆ ಡಬ್ಬಿ. ಶಹಾಬಾದಿನ ಮಿಸ್ತ್ರಿ ಹಾಜಿಮಲಂಗ್ ಬಡಿದು ನೋಡಿ, "ಈ ಡಬ್ಬಿನೇ ಗಾಡಿದು ಕುತ್ತಿಗಿ ಹಿಚುಕಾಕತ್ತದ, ಕೊಯ್ದು ಒಗೀರಿ" ಎಂದ. ಕೊಯ್ದು, ಅಲ್ಲಿ ಬರೀ ಪೈಪು ಬೆಸೆದ. ಎವರೇಜ್ ಏಳಲಿಲ್ಲ. ಹೊಗೆ ಮಾತ್ರ ಎದ್ದಿತು. ಹಿಂದಿನ ಬಾಗಿಲಿನ ಸಂದಿಯಿಂದ ಅದು ಒಳಗೆ ಬಂದದ್ದೇ ಕಡೇ ಸೀಟಿನ ಮಕ್ಕಳೆಲ್ಲ ಕೆಮ್ಮತೊಡಗಿದರು. ನಮ್ಮ ಹುಡುಗಿಯ ಬಿಳಿ ಅಂಗಿಯ ಕಾಲರು ದಿನಾ ಕಪ್ಪು. ಮುಂದೆ ಬಂದು ಕೂಡು ಎಂದರೆ ಒಲ್ಲೆ ಎನ್ನುತ್ತಿದ್ದಳು.

ಅದೇ ಬಸ್ಸಿನಲ್ಲಿ ಬರುವ ವಿಜ್ಞಾನ ಕಲಿಸುವ ಪದ್ಮಜಾ ಬಾಯಿ ನಿಮಗೆ ಗೊತ್ತಲ್ಲ. ಅವರೂ ಕೆಮ್ಮಿ ಕೆಮ್ಮಿ ಬೇಸತ್ತು ರಾಯರ ಮುಂದೆ ಹೋಗಿ ನಿಂತರು. "ಅನುಮಾನದ ಮ್ಯಾಲೆ ಒಬ್ಬ ಮನುಷ್ಯಾನ್ನ ಕಳಿಸಿದ್ರಿ, ಅನುಮಾನದ ಮ್ಯಾಲೆ ಡಬ್ಬಿ ಕೊಯ್ಸಿದ್ರಿ. ಒಮ್ಮಿ ಅಳದಾದ್ರೂ ನೋಡ್ರಿ ಸರ್" ಎಂದರು. ರಾಯರು ಒಳ್ಳೆಯವರೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ, ಅಳೆಯೋಣ ಎಂದರು. ಒಂದೊಂದು ಬಸ್ಸು ಒಂದೊಂದು ರಸ್ತೆಯಲ್ಲಿ ಓಡಿದರೆ ಯಾವುದು ಎಷ್ಟು ಕುಡಿಯಿತೆಂದು ಹೇಗೆ ತಿಳಿಯುತ್ತದೆ? ಆದ್ದರಿಂದ ಮೂರನ್ನೂ ಒಂದೇ ದಾರಿಯಲ್ಲಿ, ಇಲ್ಲಿಂದ ಚಿತ್ತಾಪುರದ ಮೇಲೆ ಸೇಡಂ ತನಕ ಹೋಗಿ ಬರುವುದು, ಮೂರಕ್ಕೂ ಸರ್ದಾರನೇ ಡ್ರೈವರ್ ಎಂದು ನಿಶ್ಚಯವಾಯಿತು. ಮಕ್ಕಳ ಭಾರ ಬೇಕಲ್ಲ, ಗೋಣಿತಟ್ಟು ಹಾಸಿ ಸೀಟುಗಳ ನಡುವೆ ಶಹಾಬಾದ್ ಫರಸಿ ಜೋಡಿಸಿದರು. ನಿಮ್ಮ ಪದ್ಧತಿಯಂತೆಯೇ ಒಂದೇ ಪಂಪಿನಲ್ಲಿ ಟಾಕಿ ಬಾಯಿಮಟ ತುಂಬಿಸಿ, ಬಸ್ಸನ್ನು ಜಗ್ಗಿ ಜಗ್ಗಿ ಗಾಳಿಗುಳ್ಳೆ ಹೊರಬಿಟ್ಟು ಮತ್ತೆ ತುಂಬಿಸಿದರು; ತಿರುಗಿ ಬಂದ ಮೇಲೆ ಟಾಕಿ ಎಷ್ಟು ಹಿಡಿಯಿತೋ ಅಷ್ಟು ಕುಡಿದ ಲೆಕ್ಕ. ಗಂಡಸರೆಲ್ಲ ನಿಂತು ಬಸ್ಸು ಅಲ್ಲಾಡಿಸುವುದನ್ನು ಕಂಡು ಬಹಳ ದಿನದ ಮೇಲೆ ನನಗೆ ನಗು ಬಂತು.

ಹಳೇ ಬಸ್ಸು ಲೀಟರಿಗೆ ಐದೂವರೆ ಕಿಲೋಮೀಟರು ಕೊಟ್ಟಿತು. ಟರ್ಬೊ ಹತ್ತಿರ ಹತ್ತಿರ ಆರು. ನಿಮ್ಮದು, ಡಬ್ಬಿ ಇಲ್ಲದೆಯೂ, ನಾಲ್ಕಕ್ಕೆ ಚೂರು ಮೇಲೆ. ಡಬ್ಬಿಯ ತಪ್ಪಲ್ಲ ಎಂದು ಅಲ್ಲಿಗೆ ಖಾತ್ರಿಯಾಯಿತು. ಹಾಜಿಮಲಂಗ್ ತಲೆ ಕೆರೆದುಕೊಂಡು, ಇಷ್ಟು ಕಪ್ಪು ಹೊಗೆ ಬಿಡುವ ಗಾಡಿಗೆ ಗಾಳಿಯೇ ಸಾಲುತ್ತಿರಲಿಕ್ಕಿಲ್ಲ ಎಂದು ಗಾಳಿ ಸೋಸುವ ಫಿಲ್ಟರಿನ ಮುಚ್ಚಳ ಬಿಚ್ಚಿದ. ನಾನು ಪಕ್ಕದಲ್ಲೇ ಇದ್ದೆ. ಒಳಗೆ ಕಾಗದದ ಮಡಿಕೆಗಳು ಎಣ್ಣೆಯಲ್ಲಿ ನೆನೆದು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ಶಹಾಬಾದಿನಲ್ಲಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಅಂಗಳಗಳ ನಡುವೆ ದಿನಾ ಹೋಗುತ್ತೇವಲ್ಲ, ಆ ಬಿಳಿ ಹುಡಿಯೆಲ್ಲ ಆ ಎಣ್ಣೆಗೆ ಹತ್ತಿ ಹಿಟ್ಟು ಕಲಸಿದ ಹಾಗೆ ಆಗಿತ್ತು. "ಇದನ್ನ ಯಾರೋ ಡೀಸೆಲ್‌ದಾಗ ತೊಳದಾರ್ರಿ" ಎಂದ. "ಹಳೇ ಗಾಡಿಗೆ ತಂತಿ ಜಾಳಿಗಿ, ತೊಳೀಬೇಕು. ಇದು ಕಾಗದ. ತೊಳದ್ರ ಸತ್ತಂಗ."

ಯಾರು ತೊಳೆದರು ಎಂದು ರಾಯರು ಕೇಳಿದರು. ನನಗೆ ಗೊತ್ತಿತ್ತು. ಭಾನುವಾರ ಬಸ್ಸು ಮನೆ ಮುಂದೆ ತಂದು ನಿಲ್ಲಿಸಿ, ಅಂಗಳದ ತಗಡಿನ ಬುಟ್ಟಿಯಲ್ಲಿ ಡೀಸೆಲ್ ಹಾಕಿ, ಚಂದ್ರಲಾಳ ತಲೆ ತೊಳೆಯುವಾಗಲೂ ತೋರಿಸದ ನಾಜೂಕಿನಿಂದ ನೀವು ಅದನ್ನು ತೊಳೆಯುತ್ತಿದ್ದಿರಿ. "ಗಾಡಿ ಉಸಿರಾಡಬೇಕು ನೋಡು" ಎನ್ನುತ್ತಿದ್ದಿರಿ. ನಾನು ಸುಮ್ಮನಿದ್ದಿದ್ದರೆ ತಪ್ಪು ಯಾರ ತಲೆಗೂ ಬರುತ್ತಿರಲಿಲ್ಲ. ಆದರೆ ಅರ್ಧ ಸುಳ್ಳಿನ ಮೇಲೆ ನಿಮ್ಮ ಹೆಸರು ನಿಲ್ಲುವುದು ನನಗೆ ಬೇಡವಾಗಿತ್ತು. "ನಮ್ಮವರೇ ತೊಳದಾರ್ರಿ. ಗಾಡಿ ಚಂದ ಇರ್ಲಿ ಅಂತ ತೊಳದಾರ. ಕದ್ದಿಲ್ಲ" ಎಂದು ಎಲ್ಲರ ಮುಂದೆ ಹೇಳಿದೆ. ಇದನ್ನು ಓದಿ ನಿಮಗೆ ನೋವಾಗುತ್ತದೆ ಎಂದು ಗೊತ್ತು. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿಯಲಿ ಎಂದು ಬರೆದಿದ್ದೇನೆ.

ಹೊಸ ಫಿಲ್ಟರ್ ಹಾಕಿ ಮತ್ತೆ ಸೇಡಂಗೆ ಹೋಗಿ ಬಂದರು. ಹೊಗೆ ಇಳಿಯಿತು, ಎವರೇಜ್ ಟರ್ಬೊ ಬಸ್ಸಿನ ಸಮಕ್ಕೆ ಬಂತು. ಆಮೇಲೆ ಮಿಸ್ತ್ರಿ ತಾನು ಕೊಯ್ದ ಡಬ್ಬಿಯ ಮಸಿ ತೆಗೆದು ತಾನೇ ಬೆಸೆದ. ಮತ್ತೊಮ್ಮೆ ಅಳೆದರೆ ಕೂದಲೆಳೆಯಷ್ಟು ಕಡಿಮೆ, ಅಷ್ಟೇ. ಆ ಅಷ್ಟನ್ನೂ ಯಾಕೆ ಕಳೆದುಕೊಳ್ಳಬೇಕು ಎಂದು ಕಮಿಟಿಯವರೊಬ್ಬರು ಗೊಣಗಿದ್ದಕ್ಕೆ ರಾಯರು, "ಅಷ್ಟು ಎಣ್ಣಿ ಮಕ್ಕಳ ಎದಿ ಕಾಯಾಕ ಬಿಟ್ಟದ್ದು ಅಂತ ತಿಳ್ಕೋರಿ" ಎಂದರು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವರೇ ಮಕ್ಕಳ ಮುಂದೆ ನಿಂತು, ಅರುಣಕುಮಾರ ಡೀಸೆಲ್ ಕದ್ದಿಲ್ಲ, ನಾನು ಅನುಮಾನಪಟ್ಟದ್ದು ತಪ್ಪು ಎಂದು ಹೇಳಿದರು. ಅಂದು ಸಂಜೆ ಚಂದ್ರಲಾ ಯಾರನ್ನೂ ಕೇಳದೆ ಮುಂದೆ ಬಂದು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ನಾನು ಕಿಟಕಿಯ ಕಡೆ ಮುಖ ಮಾಡಿ ಶಹಾಬಾದ್ ಬರುವ ತನಕ ಅತ್ತೆ. ಸ್ಟೇರಿಂಗ್ ನಿಮಗಾಗಿ ಕಾದಿದೆ ಎಂದು ರಾಯರು ಹೇಳಿಕಳಿಸಿದ್ದಾರೆ.

ಮನೆಗೆ ಬಂದು ಮಾವನವರಿಗೆ ಎಲ್ಲವನ್ನೂ ಹೇಳಿದೆ. ಫಿಲ್ಟರಿನ ಮಾತು ಬರುತ್ತಲೇ ಕೈಯಲ್ಲಿದ್ದ ರೊಟ್ಟಿ ತಾಟಿಗಿಟ್ಟು ಎದ್ದುಹೋದರು. ಅಂಗಳದಲ್ಲಿ ಆ ಬುಟ್ಟಿ ಬೋರಲು ಬಿದ್ದಿದೆಯಲ್ಲ, ಅದರ ಹತ್ತಿರ ಬಹಳ ಹೊತ್ತು ನಿಂತಿದ್ದರು. ನನಗೆ ಸಿಟ್ಟು ಬಂತು, ಮಗ ಕಳ್ಳನಲ್ಲ ಎಂದು ತಿಳಿದ ಮೇಲಾದರೂ ಒಂದು ಒಳ್ಳೆಯ ಮಾತು ಬಾಯಿಂದ ಬರಬಾರದೇ ಎಂದು. ಅದಕ್ಕೇ, ನೀವು ಬರುವುದಾದರೆ ಅವರಿಗಾಗಿ ಬರಬೇಡಿ, ಶಾಲೆಗಾಗಿಯೂ ಬೇಡ. ನಮಗಾಗಿ ಬನ್ನಿರಿ. ಸನ್ನತಿಯ ತಾಯಿ ಚಂದ್ರಲಾಂಬೆ ನಿಮ್ಮ ಗಾಡಿಯ ಮುಂದೆ ಇರಲಿ. ಚಂದ್ರಲಾ ನಿಮಗೆ ನಮಸ್ಕಾರ ಹೇಳಿದ್ದಾಳೆ. ಈ ಕಾಗದದ ಮೂಲೆಯಲ್ಲಿ ಬಸ್ಸಿನ ಚಿತ್ರ ಬರೆದವಳು ಅವಳೇ.

ನಿಮ್ಮ ದಾರಿ ನೋಡುವ,
ನಾಗರತ್ನಾ

ಮತ್ತೆ ಬರೆದದ್ದು: ಅಂಚೆಗೆ ಹಾಕಲು ಹೊರಟಿದ್ದೆ, ಮಾವನವರು ತಡೆದರು. ತಾವೇ ಸೋಲಾಪುರಕ್ಕೆ ಹೋಗುತ್ತಾರಂತೆ, ಶರ್ಟು ಹಾಕಿಕೊಂಡು ನಿಂತಿದ್ದಾರೆ. ನಿಮಗೆ ಹದಿನೈದು ವರ್ಷವಿದ್ದಾಗ ಅವರ ಲಾರಿಯ ಗಾಳಿ ಸೋಸುವ ತಂತಿ ಜಾಳಿಗೆಯನ್ನು ಡೀಸೆಲ್ಲಿನಲ್ಲಿ ತೊಳೆಯುವುದನ್ನು ಕಲಿಸಿದವರು ಅವರಂತೆ. ತೊಳೆಯದೆ ಬಿಟ್ಟ ದಿನ ನಿಮ್ಮನ್ನು ಹೊಡೆದಿದ್ದರಂತೆ. ನೀವು ಇದನ್ನು ನನಗೆ ಒಮ್ಮೆಯೂ ಹೇಳಲಿಲ್ಲ. "ಕಲಿಸಿದಾಂವ ನಾ. ಕಳ್ಳ ಅಂದಾಂವನೂ ನಾ" ಎಂದು ಈಗ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದರು, ಅದನ್ನು ಬರೆಯಬೇಡ ಎಂದರು. ಬರೆದಿದ್ದೇನೆ. ನೀವು ಗಾಡಿ ಮೇಲೆ ಹೋಗಿದ್ದರೆ ಬರುವ ತನಕ ಆಫೀಸಿನ ಕಟ್ಟೆಯ ಮೇಲೆ ಕೂತಿರುತ್ತಾರಂತೆ. ಈ ಕಾಗದ ನಿಮ್ಮ ಕೈಗೆ ಕೊಟ್ಟವರು ಅವರೇ, ನೀವು ಇದನ್ನು ಓದುವ ತನಕ ಎದುರಿಗೇ ನಿಂತಿರುತ್ತಾರೆ. ಮೊಣಕಾಲು ನೋವು ಅವರಿಗೆ, ಕೂಡಿಸಿರಿ. ಅವರಿಗೆ ಮಾತು ಬರಲಿಕ್ಕಿಲ್ಲ. ನೀವೇ ಮೊದಲು "ಅಪ್ಪಾ" ಅನ್ನಿರಿ.