ತಟ್ಟೆಯ ನಡುವಿನ ತೂತು

ಅಕ್ಕನ ಮನೆ
ಭಾನುವಾರ, ಮಾರ್ಚ್ 9

ಪ್ರೀತಿಯ ಮೇಷ್ಟ್ರೇ,

ಇಷ್ಟು ತಿಂಗಳ ಮೇಲೆ ಕಾಗದ ಬರೆದಿರಿ, ಅದರಲ್ಲೂ ಮುಕ್ಕಾಲು ಪಾಲು ನಕ್ಷತ್ರದ ಸುದ್ದಿ. ಹೆಂಡತಿಗೆ ಬರೆದದ್ದೋ, ಜೊತೆಯಲ್ಲಿ ಕೆಲಸ ಮಾಡುವವಳಿಗೋ ಎಂದು ಅಕ್ಕ ಕೇಳಿದಳು. ಎರಡೂ ನಾನೇ ತಾನೆ ಎಂದೆ. ನೀವು ಕೇಳಿರುವುದೂ ಎರಡೇ: ತಟ್ಟೆಯ ನಡುವಿನ ತೂತು ನಿಜವೇ, ಮನೆಗೆ ಯಾವಾಗ ಬರುತ್ತೀಯ. ಸುಲಭದ್ದನ್ನು ಮೊದಲು ಮುಗಿಸುತ್ತೇನೆ.

ನೀವು ಕಳಿಸಿದ ಚಿತ್ರ ನೋಡಿದೆ. ಇಪ್ಪತ್ತು ಸೂರ್ಯರಷ್ಟು ತೂಗುವ ಎಳೆಯ ನಕ್ಷತ್ರ, ಅದರ ಸುತ್ತ ತಿರುಗುವ ಧೂಳು, ಅನಿಲದ ತಟ್ಟೆ. ಇಂಥ ಭಾರಿ ನಕ್ಷತ್ರದ ಸುತ್ತ ಇಷ್ಟು ಚೊಕ್ಕ ತಟ್ಟೆ ಸಿಗುವುದೇ ಅಪರೂಪ, ನಿಜಕ್ಕೂ ಖುಷಿಯಾಯಿತು. ಆದರೆ ಆ ತೂತು ಅಲ್ಲಿಲ್ಲ. ಅನಿಲದ ಮಂದ ಬೆಳಕು ಕಾಣಲೆಂದು ಧೂಳಿನ ಹೊಳಪನ್ನು ಚಿತ್ರದಿಂದ ಕಳೆಯುತ್ತೇವಲ್ಲ, ಅದನ್ನು ಅತಿಯಾಗಿ ಕಳೆದಿದ್ದೀರಿ. ಹೊಳಪು ಹೆಚ್ಚಿರುವುದು ನಡುವೆ, ಹಾಗಾಗಿ ಅಲ್ಲಿದ್ದ ಅನಿಲವೂ ಅದರ ಜೊತೆಗೇ ಅಳಿಸಿಹೋಗಿದೆ. ವರ್ಷವರ್ಷವೂ ಹೊಸ ವಿದ್ಯಾರ್ಥಿಗಳಿಗೆ ಇದೇ ತಪ್ಪಿಗೆ ಮಂಗಳಾರತಿ ಮಾಡುವವರು ನೀವು!

ಇನ್ನು ಎರಡನೆಯದು.

ವರ್ಷವೂ ತುಂಬದ ನಮ್ಮ ಪುಟ್ಟಿಯನ್ನು ಆ ಜ್ವರ ಕೊಂಡುಹೋದ ಮೇಲೆ ಅಕ್ಕ ನನ್ನನ್ನು ಕೆಲವು ದಿನ ಇಲ್ಲಿಗೆ ಕರೆತಂದಳು. ವಾಪಸ್ ಬಂದಾಗ ಮನೆಯಲ್ಲಿ ತೊಟ್ಟಿಲಿರಲಿಲ್ಲ. ಹಾಲಿನ ಬಾಟಲಿ, ಸ್ನಾನದ ಟಬ್ಬು, ಹಗ್ಗದ ಮೇಲೆ ಒಣಹಾಕಿದ್ದ ಬಟ್ಟೆ, ಒಂದೂ ಇರಲಿಲ್ಲ. ಅವಳು ಅಂಟುಗೈ ಒತ್ತಿದ್ದ ಗೋಡೆಗೂ ಬಣ್ಣ ಬಳಿಸಿದ್ದಿರಿ. ಬಾಗಿಲ ಹತ್ತಿರ ನಿಂತು, ಇನ್ನು ನಿನಗೆ ಅಷ್ಟು ನೋವಾಗುವುದಿಲ್ಲ ಎಂದಿರಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದಿರಿ, ಅದು ಗೊತ್ತು. ಗೊತ್ತಿದ್ದದ್ದಕ್ಕೇ ಬೈಯಲೂ ಬಾಯಿ ಬರಲಿಲ್ಲ. ಸಂಜೆಯ ಬಸ್ಸು ಹತ್ತಿ ಅಕ್ಕನ ಮನೆಗೆ ಬಂದುಬಿಟ್ಟೆ.

ನೋವು ಕಡಿಮೆಯಾಗಲಿಲ್ಲ, ಮೇಷ್ಟ್ರೇ, ಅವಳೇ ಕಡಿಮೆಯಾದಳು. ಮುಖ ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರೆ ಆ ಹೊಸ ಬಣ್ಣದ ಗೋಡೆ ಕಾಣುತ್ತದೆ. ನಿಮ್ಮ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅವಳು ಇದ್ದಳೆಂದು ಹೇಳುವ ಒಂದು ಚೂರೂ ಉಳಿಯದ ಮನೆಯಲ್ಲಿ ನಾವಿಬ್ಬರು ಯಾರ ಅಪ್ಪ, ಯಾರ ಅಮ್ಮ ಎಂದು ಎದುರುಬದುರು ಕೂರುವುದು? ಆ ಮನೆಗೆ ನಾನು ಬರಲಾರೆ. ದಯವಿಟ್ಟು ಮತ್ತೆ ಕೇಳಬೇಡಿ.

ಚಿತ್ರವನ್ನು ಇನ್ನೊಮ್ಮೆ ಮಾಡಿ, ಈ ಸಲ ಕಳೆಯುವಾಗ ಸ್ವಲ್ಪ ಕೈ ಬಿಗಿಹಿಡಿಯಿರಿ. ತುಂಬ ಸೊರಗಿದ್ದೀರಂತೆ, ಆಫೀಸಿನವರು ಹೇಳಿದರು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನಿಮ್ಮ ಜಗಳಗಂಟಿ

ತಾ.ಕ.: ಪುಟ್ಟಿ ಕೇಕೆ ಹಾಕಿ ನಗುವುದನ್ನು ನಿಮ್ಮ ಫೋನಿನಲ್ಲಿ ಹಿಡಿದಿಟ್ಟಿದ್ದಿರಿ. ಅದನ್ನೂ ಅಳಿಸಿದ್ದರೆ ಈ ಕಾಗದಕ್ಕೆ ಉತ್ತರ ಬರೆಯಬೇಡಿ, ನಾನು ಅರ್ಥ ಮಾಡಿಕೊಳ್ಳುತ್ತೇನೆ. ಇದ್ದರೆ ಇಲ್ಲಿಗೆ ಕಳಿಸಬೇಡಿ, ಇದೆ ಎಂದಷ್ಟೇ ಬರೆಯಿರಿ. ಮೊದಲ ಬಸ್ಸಿಗೆ ಬಂದು ನಿಮ್ಮ ಪಕ್ಕದಲ್ಲಿ ಕೂತು ಕೇಳುತ್ತೇನೆ.