ಕ್ಷಮೆ ಸಿಕ್ಕ ಬೊಂಬೆ

ವಲೆನ್ಸಿಯಾ
ಡಿಸೆಂಬರ್ ೨, ೨೦೧೮

ಪ್ರೀತಿಯ ಫಿನೇತಾ,

ನೀನೂ ನಿನ್ನ ಯಜಮಾನರೂ ಕ್ಷೇಮವಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಮಂಡಿ ನೋವು ಹೇಗಿದೆ? ಜರ್ಮನಿಯ ಚಳಿಗೆ ಅದು ಇನ್ನೂ ಹಟ ಮಾಡುತ್ತಿರಬೇಕು. ನಮ್ಮ ಬ್ಲಾಯ್ ಹೋದಾಗ ನೀನು ಬರೆದ ಪತ್ರಕ್ಕೆ ನಾನು ಇವತ್ತಿನವರೆಗೂ ಉತ್ತರ ಕೊಡಲಿಲ್ಲ. ಎರಡು ವರ್ಷವೇ ಆಯಿತು. ಬರೆಯಲು ಕೂತಾಗಲೆಲ್ಲ 'ಪ್ರೀತಿಯ ಫಿನೇತಾ' ಎನ್ನುವವರೆಗೆ ಬಂದು ಎದ್ದುಬಿಡುತ್ತಿದ್ದೆ. ಹೆತ್ತ ಮಗ ಸತ್ತಾಗ ಬಂದ ಸಾಂತ್ವನಕ್ಕೆ ಏನಂತ ಉತ್ತರ ಬರೆಯುವುದು ಹೇಳು. ಬೈಯುವುದಿದ್ದರೆ ಬೈದುಬಿಡು. ನಿನ್ನ ಬೈಗುಳ ಕಿವಿಗೆ ಬಿದ್ದು ಕೂಡ ಬಹಳ ದಿನವಾಯಿತು.

ನಾನು ಆರೋಗ್ಯವಾಗಿದ್ದೇನೆ. ದಣಿವು ಮಾತ್ರ ಹೋಗುತ್ತಿಲ್ಲ. ಬೆಳಗ್ಗೆ ಎದ್ದಾಗಲೇ ಸಂಜೆಯಾದಂತಿರುತ್ತದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದರು. ಏನೂ ಇಲ್ಲದ್ದಕ್ಕೇ ಇಷ್ಟು ಸುಸ್ತಾಗುತ್ತದೆ ಎನ್ನುವುದು ಅವರಿಗೆ ಎಲ್ಲಿಂದ ಗೊತ್ತಾಗಬೇಕು.

ಊರಿನ ಸುದ್ದಿ ಕೇಳಿದರೆ ನಿನಗೆ ನಗು ಬಂದೀತು. ತೋಮಸೇತಾಳ ಗುಂಡಿ-ದಾರದ ಅಂಗಡಿ ನೆನಪಿದೆಯಲ್ಲ, ನಿನ್ನ ಮದುವೆಯ ಬಟ್ಟೆಗೆ ಲೇಸು ಕೊಂಡದ್ದು? ಈಗ ಅಲ್ಲಿ ಪ್ರವಾಸಿಗರು ತಮ್ಮ ಸೂಟ್‌ಕೇಸು ಇಟ್ಟು ಹೋಗುತ್ತಾರೆ. ಮೊನ್ನೆ ಬೇಕರಿಯಲ್ಲಿ ಸುಟ್ಟ ಸಿಹಿಗುಂಬಳ ಕೊಳ್ಳುವಾಗ ಸಿಕ್ಕಿದ್ದಳು. "ನಾನು ಐವತ್ತು ವರ್ಷ ಸೆಕೆಯಲ್ಲಿ ಬೆಂದ ಜಾಗ ಕಣೇ ಅದು. ಈಗ ಪೆಟ್ಟಿಗೆಗಳಿಗೆ ಏಸಿ ಹಾಕಿಸಿದ್ದಾರೆ. ಮುಂದಿನ ಜನ್ಮ ಅಂತಿದ್ರೆ ಸೂಟ್‌ಕೇಸಾಗಿ ಹುಟ್ಟಬೇಕು ನೋಡು" ಎಂದಳು. ವಾರಕ್ಕೊಂದು ಸಮ್ಮೇಳನ ನಡೆಯುತ್ತದೆ ಇಲ್ಲಿ. ಹಲ್ಲಿನ ಡಾಕ್ಟರುಗಳು ಹೋದರೆ ಹೆಂಚಿನ ಕಾರ್ಖಾನೆಯವರು, ಅವರು ಹೋದರೆ ವಿಮೆಯವರು. ಬೆಳಗ್ಗೆ ವ್ಯಾಪಾರ, ಮಧ್ಯಾಹ್ನ ಸಂಸ್ಕೃತಿ, ಸಂಜೆ ಸಮುದ್ರ ಎಂದು ಬಸ್ಸುಗಳ ಮೇಲೆಲ್ಲ ಬರೆಸಿದ್ದಾರೆ. ಮಧ್ಯಾಹ್ನದ ಆ ಸಂಸ್ಕೃತಿ ಎಂದರೆ ನಾವು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರೂ ಫೋಟೋ ತೆಗೆಯುತ್ತಾರೆ. ಊರು ಚೆಂದವಾಗಿಯೇ ಇದೆ, ಇಲ್ಲವೆನ್ನಲಾರೆ. ಅದನ್ನು ನೋಡಲು ಬರುವವರ ಮೇಲೂ ನನಗೆ ಕೋಪವಿಲ್ಲ. ಕೋಪ ಮಾಡಿಕೊಳ್ಳಲೂ ಒಂದಿಷ್ಟು ಕಸುವು ಬೇಕಾಗುತ್ತದೆ.

ಈಗ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ನಮ್ಮನೆ ಯಜಮಾನ ಬತಿಸ್ತೆ ಇನ್ನೂ ಫಾಲ್ಯ ಕಟ್ಟುತ್ತಾನೆ, ಹಬ್ಬಕ್ಕೆ ಸುಡುವ ಅದೇ ಗೇಲಿಯ ಬೊಂಬೆಗಳ ಗುಂಪು. ಉಳಿದವರೆಲ್ಲ ಥರ್ಮೋಕೋಲನ್ನು ಯಂತ್ರದಲ್ಲಿ ಕೊರೆಸಿ ಬೊಂಬೆ ಮಾಡುವಾಗ ಇವನೊಬ್ಬ ಹಳೆಯ ಕಾಲದಂತೆ ಕಾಗದ, ಗೋಂದು, ಮರದ ಪಟ್ಟಿ ಎನ್ನುತ್ತಾ ಕೂರುತ್ತಾನೆ. ಮಾರ್ಚ್‌ನಲ್ಲಿ ಸೇಂಟ್ ಜೋಸೆಫ್ ಹಬ್ಬದ ದಿನ ನಮ್ಮ ಬೀದಿಯ ಮೂಲೆಯಲ್ಲಿ ಸುಡುವುದು ಈಗಲೂ ಇವನ ಕೈಯ ಬೊಂಬೆಗಳೇ. ಆದರೆ ಬ್ಲಾಯ್ ಹೋದ ಮೇಲೆ ಕೈ ಇತ್ತು, ಮನಸ್ಸು ಇರಲಿಲ್ಲ. ಹಾಗಿರುವಾಗ ಸೆಪ್ಟೆಂಬರ್‌ನಲ್ಲಿ ಮಿರೇಯಾ ಎನ್ನುವ ಹುಡುಗಿ ಇವನ ಬೊಂಬೆ ಕಾರ್ಖಾನೆಗೆ ಬಂದಳು. ಸಮ್ಮೇಳನಗಳಿಗೆ ಊಟ, ಬಸ್ಸು, ಸಂಗೀತ ಎಲ್ಲ ಹೊಂದಿಸಿ ಕೊಡುವ ಕಂಪನಿಯವಳು. ಹೊರಗಿನವಳಲ್ಲ, ನಮ್ಮೂರಿನ ರುಸಾಫಾ ಕೇರಿಯಲ್ಲೇ ಹುಟ್ಟಿ ಬೆಳೆದವಳು.

"ಮೇಷ್ಟ್ರೇ, ಜರ್ಮನಿಯ ಹಾಸಿಗೆ ಕಂಪನಿಯೊಂದು ನವೆಂಬರ್‌ನಲ್ಲಿ ಇಲ್ಲಿ ಸಮ್ಮೇಳನ ಮಾಡ್ತಿದೆ. ಕೊನೇ ದಿನದ ಊಟಕ್ಕೆ ಒಂದು ಪುಟ್ಟ ಫಾಲ್ಯ ಬೇಕಂತೆ" ಎಂದಳು.

"ಫಾಲ್ಯ ಮಾರ್ಚ್‌ನಲ್ಲಿ," ಎಂದ ಬತಿಸ್ತೆ, ತಲೆ ಎತ್ತದೆ.

"ಅವರು ಮಾರ್ಚ್‌ನಲ್ಲಿ ಬರಲ್ವಲ್ಲ ಮೇಷ್ಟ್ರೇ."

"ಹಾಗಾದ್ರೆ ಸೇಂಟ್ ಜೋಸೆಫ್‌ನ ಕೇಳಮ್ಮ. ನಿಮ್ಮ ಅನುಕೂಲ ನೋಡಿ ಹಬ್ಬನ ನವೆಂಬರ್‌ಗೆ ತರ್ತಾನೇನೋ."

ಇನ್ನೇನು ಅವಳನ್ನು ಸಾಗಹಾಕುತ್ತಾನೆ ಎಂದುಕೊಂಡು ನಾನು ಬಣ್ಣದ ಕುಂಚ ತೊಳೆಯುತ್ತಿದ್ದೆ. ಅವಳು ಬಾಗಿಲವರೆಗೆ ಹೋಗಿದ್ದಳು. "ಏನು ಕಂಪನಿ ಅಂದೆ?" ಎಂದ ಬತಿಸ್ತೆ. "ಹಾಸಿಗೆ, ಮೇಷ್ಟ್ರೇ" ಎಂದಳು. ಕೈಯಲ್ಲಿದ್ದ ಮರದ ಪಟ್ಟಿ ಕೆಳಗಿಟ್ಟು, "ಮಾಡಿಕೊಡ್ತೀನಿ" ಎಂದುಬಿಟ್ಟ. ನನಗೆ ಆಗ ಏನೂ ಅರ್ಥವಾಗಲಿಲ್ಲ. ಅವನಿಗೆ ಮತ್ತೆ ಕೆಲಸ ಬೇಕೆನಿಸಿತಲ್ಲ ಎಂದು ಸಮಾಧಾನವಾಯಿತು, ಅಷ್ಟೇ.

ಯಾರನ್ನೂ ಕೆಣಕದ ಫಾಲ್ಯ ಫಾಲ್ಯವೇ ಅಲ್ಲ ಎನ್ನುವವನು ಅವನು. ನಮ್ಮ ಬೀದಿಯಲ್ಲಿ ಒಂದು ವರ್ಷ ತನ್ನ ಬೊಂಬೆ ಮಾಡಿ ಗೇಲಿ ಮಾಡಲಿಲ್ಲವೆಂದು ಕಸಾಯಿ ಅಂಗಡಿಯವನು ಮುನಿಸಿಕೊಂಡದ್ದು ನಿನಗೂ ನೆನಪಿರಬೇಕು. ಹಾಸಿಗೆಯವರನ್ನೂ ಬಿಡಲಿಲ್ಲ. ದೊಡ್ಡದೊಂದು ಮಂಚ. ಅದರ ನಡುವೆ ಕೈಕಾಲು ಚಾಚಿ ಗೊರಕೆ ಹೊಡೆಯುವ ದಪ್ಪ ಅತಿಥಿ, ಪಕ್ಕದಲ್ಲಿ ಟೋಪಿ ಹಾಕಿಕೊಂಡು ದಿಂಬಿಗೆ ಒರಗಿದ ಅವನ ಸೂಟ್‌ಕೇಸು. ಮಂಚದ ಅಂಚಿನಲ್ಲಿ ಬೀಳದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡ ನಾವು: ಮೀನು ಮಾರುವವಳು, ಪಾದ್ರಿ, ಗುಂಡಿಯ ಡಬ್ಬಿ ಅವುಚಿಕೊಂಡ ತೋಮಸೇತಾ. ಮಂಚದ ಕಾಲಬುಡದಲ್ಲಿ, ಬರೀ ನೆಲದ ಮೇಲೆ, ಜಾಕೆಟ್ಟನ್ನೇ ತಲೆದಿಂಬು ಮಾಡಿಕೊಂಡು ಮಲಗಿದ ಒಬ್ಬ ಹುಡುಗ. ಈ ಕೊನೆಯದನ್ನು ಮಾತ್ರ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿದ. ಬಣ್ಣ ಹಚ್ಚುವುದು ಮದುವೆಯಾದಾಗಿನಿಂದ ನನ್ನ ಕೆಲಸ, ಅದಕ್ಕೂ ಬಿಡಲಿಲ್ಲ. "ನಿನ್ನ ಕಣ್ಣು ಈಗ ಮೊದಲಿನ ಹಾಗಿಲ್ಲ" ಎಂದ. ನನಗೆ ಸಿಟ್ಟು ಬಂದು ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಊಟವಿದ್ದದ್ದು ಹಳೇ ನದಿಪಾತ್ರದ ತೋಟದಲ್ಲಿ. ಉದ್ದುದ್ದ ಮೇಜು, ಬಿಳಿ ಬಟ್ಟೆ, ಎಲ್ಲರ ಕತ್ತಿನಲ್ಲೂ ಹೆಸರಿನ ಪಟ್ಟಿ. ಫಾಲ್ಯಕ್ಕೆ ಹೊದಿಸಿದ್ದ ಬಟ್ಟೆ ತೆಗೆದಾಗ ಜನ ಬಿದ್ದು ಬಿದ್ದು ನಕ್ಕರು. ಆ ದಪ್ಪ ಅತಿಥಿಯ ಬೊಂಬೆಯಲ್ಲಿ ತಮ್ಮ ಅಧ್ಯಕ್ಷನನ್ನೇ ಕಂಡು ಇನ್ನಷ್ಟು ನಕ್ಕರು. ಅಧ್ಯಕ್ಷ ಲ್ಯೂಡೆಕಿಂಗ್ ಕೂಡ ನಕ್ಕ. ಒಳ್ಳೆಯ ಮನುಷ್ಯ ಕಣೇ, ಅವನನ್ನು ಕೆಟ್ಟವನೆಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಮಿರೇಯಾ ಮೈಕು ಹಿಡಿದು ನಮ್ಮ ಪದ್ಧತಿ ವಿವರಿಸಿದಳು. ವರ್ಷವಿಡೀ ಕಟ್ಟಿದ್ದನ್ನು ಒಂದೇ ದಿನ ಊರಿನ ಎಲ್ಲ ಬೀದಿಗಳಲ್ಲೂ ಸುಟ್ಟುಬಿಡುತ್ತೇವೆ, ಜನರ ಮತದಿಂದ ಗೆದ್ದ ಒಂದೇ ಒಂದು ಬೊಂಬೆಗೆ ಕ್ಷಮೆ ಸಿಗುತ್ತದೆ, ಅದು ಸಂಗ್ರಹಾಲಯಕ್ಕೆ ಹೋಗುತ್ತದೆ ಎಂದಳು. ಬತಿಸ್ತೆ ಕಡ್ಡಿಪೆಟ್ಟಿಗೆ ಹಿಡಿದು ಬತ್ತಿಯ ಹತ್ತಿರ ನಿಂತಿದ್ದ. ಅಗ್ನಿಶಾಮಕದವರು ಪೈಪು ಹಿಡಿದು ಹಿಂದೆ ನಿಂತಿದ್ದರು.

ಆಗ ಲ್ಯೂಡೆಕಿಂಗ್ ಮೈಕು ಕೇಳಿದ. ಕಾಲಬುಡದ ಹುಡುಗನನ್ನು ತೋರಿಸಿ ಏನೇನೋ ಹೇಳಿದ. ಮಿರೇಯಾ ಅದನ್ನು ನಮ್ಮ ಭಾಷೆಗೆ ತಿರುಗಿಸುತ್ತಾ ಹೋದಳು, ಹೋಗುತ್ತಾ ಹೋಗುತ್ತಾ ಅವಳ ದನಿ ಇಳಿಯಿತು. "ಇಷ್ಟು ನೆಮ್ಮದಿಯಾಗಿ ಮಲಗಿದ ಮುಖವನ್ನ ಈ ಮೂವತ್ತು ವರ್ಷದ ವ್ಯಾಪಾರದಲ್ಲಿ ನೋಡಿಲ್ಲ ಅಂತಿದಾರೆ. ಇದನ್ನ ಸುಡೋಕೆ ಮನಸ್ಸು ಬರಲ್ವಂತೆ. ಅದಕ್ಕೇ... ಕಂಪನಿ ಎಲ್ಲಾ ಬೊಂಬೆಗೂ ಕ್ಷಮೆ ಕೊಡ್ತಿದೆಯಂತೆ."

ಚಪ್ಪಾಳೆಯೋ ಚಪ್ಪಾಳೆ. ಎಲ್ಲರೂ ಎದ್ದು ನಿಂತರು.

ಬತಿಸ್ತೆ ಮಿರೇಯಾಳ ಹತ್ತಿರ ಹೋದ. "ಅವರಿಗೆ ತಿಳಿಸಿ ಹೇಳಮ್ಮ. ಇದನ್ನ ಮಾಡಿದ್ದೇ ಸುಡೋದಕ್ಕೆ." ಅವಳು ಹೇಳಿದಳು. ಲ್ಯೂಡೆಕಿಂಗ್ ಬಂದು ಬತಿಸ್ತೆಯನ್ನು ತಬ್ಬಿಕೊಂಡ.

"ಏನಂದ್ರು?" ಎಂದ ಬತಿಸ್ತೆ.

"ನಿಮ್ಮ ವಿನಯ ದೊಡ್ಡದು ಅಂದ್ರು ಮೇಷ್ಟ್ರೇ."

ಬತಿಸ್ತೆಯ ಕಣ್ಣು ತುಂಬಿತು. ಸಂತೋಷಕ್ಕೆ ಅಳುತ್ತಿದ್ದಾನೆ ಎಂದುಕೊಂಡು ಅವರು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ಅಗ್ನಿಶಾಮಕದವರಲ್ಲಿ ನಮ್ಮ ಕಡೆಯ ವಯಸ್ಸಾದ ಒಬ್ಬನಿದ್ದ. ಅವನಿಗೆ ಅರ್ಥವಾಯಿತು. ಹತ್ತಿರ ಬಂದು ಮೆಲ್ಲಗೆ, "ಕಡ್ಡಿ ಗೀರಿ ಮೇಷ್ಟ್ರೇ. ನಾನು ಆ ಕಡೆ ತಿರುಗಿಕೊಂಡಿರ್ತೀನಿ" ಎಂದ. ಬತಿಸ್ತೆ ಬೇಡವೆಂದು ತಲೆಯಾಡಿಸಿದ. "ಕೊಂಡವರದ್ದು ಆಗಿಹೋಯ್ತಪ್ಪ ಅದು. ಇನ್ನೊಬ್ಬರ ಸೊತ್ತಿಗೆ ಬೆಂಕಿ ಇಡೋದು ಹೇಗೆ?"

ಮಾರನೇ ದಿನ ಮಿರೇಯಾ ಕರಾರುಪತ್ರ ತಂದು ನಮ್ಮ ಅಡಿಗೆಮನೆಯ ಮೇಜಿನ ಮೇಲೆ ಹರಡಿದಳು. ಎತ್ತರ ಬರೆದಿದೆ, ಬಣ್ಣ ಬರೆದಿದೆ, ಯಾವ ಹೊತ್ತಿಗೆ ತಂದು ನಿಲ್ಲಿಸಬೇಕು ಎಂದು ಬರೆದಿದೆ. ಸುಡಬೇಕು ಎಂದು ಎಲ್ಲಿಯೂ ಬರೆದಿಲ್ಲ. ಅವಳೂ ನಮ್ಮೂರಿನವಳಲ್ಲವೇ, ಅದನ್ನೂ ಬರೆಯಬೇಕಾಗುತ್ತದೆ ಎಂದು ಅವಳಿಗೆ ಹೊಳೆದೇ ಇಲ್ಲ. ಓದಿ ಸಹಿ ಹಾಕಿದ ಇವನಿಗೂ ಹೊಳೆದಿಲ್ಲ. ಮದುವೆ ಊಟಕ್ಕೆ ಹೇಳುವಾಗ, ಬಡಿಸಿದ್ದನ್ನು ತಿನ್ನಬೇಕು ಎಂದು ಯಾರಾದರೂ ಬರೆಸಿಕೊಳ್ಳುತ್ತಾರೆಯೇ? ಪಾಪದ ಹುಡುಗಿ, ಅಳುತ್ತಾ ಕೂತಿದ್ದಳು. ನಾನೇ ಅವಳಿಗೆ ಕಾಫಿ ಮಾಡಿಕೊಟ್ಟೆ.

ಬೊಂಬೆಗಳು ಲಾರಿ ಹತ್ತಿ ಜರ್ಮನಿಗೆ ಹೋದವು. ಹಿಂತಿರುಗಿಸಿ, ದುಡ್ಡು ವಾಪಸು ಕೊಡುತ್ತೇವೆ ಎಂದು ಮಿರೇಯಾ ಕೈಯಲ್ಲಿ ಬರೆಸಿದೆವು. ಬಹಳ ಗೌರವದ ಉತ್ತರ ಬಂತು. ಬೊಂಬೆಗಳನ್ನು ತಮ್ಮ ಮಳಿಗೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರಂತೆ. ಕಲಾವಿದರು ನಿಶ್ಚಿಂತೆಯಿಂದ ಇರಬೇಕಂತೆ. ಇನ್ನು ಯಾವ ಕಾಲಕ್ಕೂ ಬೆಂಕಿ ತಗುಲದಂತೆ ಅವಕ್ಕೆ ವಿಶೇಷ ಔಷಧ ಬಳಿಸಿದ್ದಾರಂತೆ. ಇದನ್ನು ಓದಿ ನನಗೆ ನಗು ಬಂತು ಫಿನೇತಾ. ನಗುತ್ತಾ ನಗುತ್ತಾ ನಿಲ್ಲಿಸಲಾಗದೆ ಬಾಯಿಗೆ ಏಪ್ರನ್ ಒತ್ತಿಕೊಂಡು ಹಿತ್ತಿಲಿಗೆ ಹೋದೆ.

ಅಂದಿನಿಂದ ಬತಿಸ್ತೆ ಕೆಲಸ ಮುಟ್ಟಿಲ್ಲ. ಬೆಳಗ್ಗೆ ಹೋಗಿ ಕಾರ್ಖಾನೆಯ ಬಾಗಿಲು ತೆಗೆಯುತ್ತಾನೆ, ಸಂಜೆ ಹಾಕಿಕೊಂಡು ಬರುತ್ತಾನೆ. ನಡುವೆ ಏನು ಮಾಡುತ್ತಾನೋ ದೇವರಿಗೇ ಗೊತ್ತು. ಗೋಂದಿನ ಬಕೆಟ್ಟು ಒಣಗಿ ಕಲ್ಲಾಗಿದೆ. ಬೀದಿ ಸಮಿತಿಯವರು ಮನೆಗೇ ಬಂದು, "ಮಾರ್ಚ್ ಹತ್ತಿರ ಬಂತಲ್ಲ ಬತಿಸ್ತೆ, ಒಂದು ತಲೆಯಾದ್ರೂ ಆಗಿದೆಯಾ?" ಎಂದು ಕೇಳಿದರು. "ಅದು ಸುಡೋವರೆಗೂ ಇನ್ನೊಂದು ಮಾಡೋಕೆ ನನ್ನ ಕೈಲಾಗಲ್ಲ. ಬೇರೆಯವರನ್ನ ನೋಡ್ಕೊಳ್ಳಿ" ಎಂದ. ಅವರು ಬೇರೆಯವರನ್ನು ನೋಡಿಕೊಂಡಿದ್ದಾರೆ. ಈ ವಿಷಯ ಅವನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಆ ಮಳಿಗೆ ನಿನ್ನ ಊರಿನಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರವಿದೆ. ವಿಳಾಸ ಬೇರೆ ಕಾಗದದಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಹದಿನೆಂಟಕ್ಕೆ ಆ ದೇಶಕ್ಕೆ ಹೋದವಳು ನೀನು, ಅವರ ಭಾಷೆಯಲ್ಲಿ ಜಗಳವಾಡುವುದು ನಿನಗೆ ಬರುತ್ತದೆ. ಹೋಗಿ ಆ ಲ್ಯೂಡೆಕಿಂಗ್‌ನನ್ನು ಕಾಣು. ಮಂಚ, ಅತಿಥಿ, ಸೂಟ್‌ಕೇಸು, ತೋಮಸೇತಾ ಎಲ್ಲ ಅವರೇ ಇಟ್ಟುಕೊಳ್ಳಲಿ. ಕಾಲಬುಡದಲ್ಲಿ ಮಲಗಿದ ಹುಡುಗನೊಬ್ಬನನ್ನು ಕೊಟ್ಟುಬಿಡಲು ಹೇಳು. ಲಾರಿಯ ಬಾಡಿಗೆ ನಾವು ಕೊಡುತ್ತೇವೆ. ಅಲ್ಲೇ ಎಲ್ಲಾದರೂ ಬಯಲಿನಲ್ಲಿ ಸುಡುವುದಾದರೆ ಬತಿಸ್ತೆ ಬಂದು ನಿಲ್ಲುತ್ತಾನಂತೆ.

ಕ್ರಿಸ್‌ಮಸ್‌ಗೆ ಬಾದಾಮಿ ಚಿಕ್ಕಿ ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಗಟ್ಟಿಯದು ನಿನ್ನ ಯಜಮಾನರಿಗೆ, ಮೆತ್ತಗಿನದು ನಿನಗೆ. ನಿನ್ನ ಹಲ್ಲು ಎಷ್ಟು ಉಳಿದಿವೆಯೋ ನನಗೇನು ಗೊತ್ತು. ನಮ್ಮ ಅನಾಥರಕ್ಷಕಿ ಮಾತೆ ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟು ಕಾಯಲಿ, ನಿನ್ನ ಮೊಮ್ಮಕ್ಕಳು ನೂರು ಕಾಲ ಬಾಳಲಿ.

ನಿನ್ನ,
ರೆಮೇಯ್

ತಾ. ಕ.: ಕವರು ಅಂಟಿಸಿದವಳು ಮತ್ತೆ ಬಿಚ್ಚಿದೆ. ಒಬ್ಬ ಬೊಂಬೆ ಹುಡುಗನಿಗೆ ಇಷ್ಟೇಕೆ ರಂಪ ಎಂದು ನೀನು ಕೇಳಿಯೇ ಕೇಳುತ್ತೀಯ. ಅವನು ಬ್ಲಾಯ್. ಊಟದ ದಿನ ಬಟ್ಟೆ ತೆಗೆದಾಗಲೇ ನಾನೂ ನೋಡಿದ್ದು. ಅವನು ಸತ್ತ ವಾರ ಊರಿನಲ್ಲಿ ಎರಡು ಸಮ್ಮೇಳನಗಳಿದ್ದವು. ಅವನದು ಗಾಡಿ ಓಡಿಸುವ ಕೆಲಸ: ಅತಿಥಿಗಳನ್ನು ವಿಮಾನ ನಿಲ್ದಾಣಕ್ಕೆ ಬಿಡುವುದು, ಕರೆತರುವುದು, ಮತ್ತೆ ಬಿಡುವುದು. ಮನೆಗೆ ಬಂದು ಮಲಗಲು ಅವನಿಗೆ ಬಿಡುವೇ ಸಿಗಲಿಲ್ಲ. ಖಾಲಿ ಗಾಡಿಯಲ್ಲಿ ವಾಪಸು ಬರುವಾಗ ಕಣ್ಣು ಮುಚ್ಚಿತು. ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತೇ ಇರಲಿಲ್ಲ ಎಂದರು ಪೊಲೀಸರು. ನಮ್ಮ ಬೀದಿಯ ಫಾಲ್ಯದಲ್ಲಿಟ್ಟರೆ ಎಲ್ಲರೂ ಗುರುತು ಹಿಡಿಯುತ್ತಿದ್ದರು. ಅದಕ್ಕೇ ಬತಿಸ್ತೆ ಅವನನ್ನು ಅಪರಿಚಿತರ ಮಂಚದ ಬುಡದಲ್ಲಿ ಮಲಗಿಸಿ, ನಿದ್ದೆ ತುಂಬಿದ ಮೇಲೆ ಬೆಂಕಿಯಲ್ಲಿ ಕಳಿಸಿಕೊಡೋಣ ಎಂದುಕೊಂಡಿದ್ದ. ಅವರು ಕೊಡುವುದಿಲ್ಲ ಎಂದರೆ ಜಗಳವಾಡಬೇಡ ಫಿನೇತಾ. ಬೆಳಕಿದ್ದರೆ ಬ್ಲಾಯ್‌ಗೆ ಚಿಕ್ಕಂದಿನಿಂದಲೂ ನಿದ್ದೆ ಬರುತ್ತಿರಲಿಲ್ಲ. ಮಳಿಗೆ ಮುಚ್ಚುವಾಗ ದೀಪ ಆರಿಸಿ ಹೋಗುತ್ತಾರೆಯೇ ಎಂದಷ್ಟು ಕೇಳಿ ನನಗೆ ಬರೆ.