ಹೊಳ್ಳಿ ಬಂದ ಪಟ್ಟಿ

ಖಾಸಬಾಗ, ಬೆಳಗಾವಿ
ದಿನಾಂಕ: 17-11-2025

ಪ್ರೀತಿಯ ಸುಯಶನ ಪಪ್ಪಾ ಅವರಿಗೆ ನಿಮ್ಮ ತ್ರಿಶಲಾಳ ಜೈ ಜಿನೇಂದ್ರ.

ಸೊಂಟದ ನೋವು ಹೇಗಿದೆ? ಇಂಜಿನ್ ರೂಮಿನ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡಿ. ನೀವು ಮರೆಯುತ್ತೀರಿ, ನನಗೆ ಗೊತ್ತು. ಸುತ್ತಲೂ ನೀರೇ ಇದ್ದವರಿಗೆ ಬಾಯಾರಿಕೆ ನೆನಪಾಗುವುದಿಲ್ಲವೇನೋ. ಇಲ್ಲಿ ನಾವೆಲ್ಲ ಕ್ಷೇಮ. ಸುಯಶನ ಪರೀಕ್ಷೆ ಮುಗಿಯಿತು. ಹೇಗಾಯಿತು ಎಂದು ಕೇಳಿದರೆ 'ಆತ್ ಬಿಡ' ಎನ್ನುತ್ತಾನೆ, ಥೇಟ್ ನಿಮ್ಮ ಹಾಗೆ. ಅತ್ತೆಯವರಿಗೆ ಮೊಣಕಾಲು ಬಿಟ್ಟರೆ ಬೇರೆ ತಕರಾರಿಲ್ಲ. ಹೊತ್ತು ಮುಳುಗುವ ಮೊದಲೇ ರೊಟ್ಟಿ, ಪಲ್ಯ ಉಂಡು ಜಪಕ್ಕೆ ಕೂರುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಫೋನು ಬಂದಾಗಲೆಲ್ಲ ಅವರು ನನ್ನ ಬಾಜುವಿಗೇ ಕುಳಿತಿರುತ್ತಾರೆ, ಅವರೆದುರು ಹೇಳಲಾಗದ ಸುದ್ದಿಯೊಂದಿದೆ. ನಿಮ್ಮದೇ ಹಡಗಿಗೆ ಕೆಲಸಕ್ಕೆ ಹೊರಟಿರುವ ಪ್ರಸಾದ ಅವರು ಮಧ್ಯಾಹ್ನ ಊಟಕ್ಕೆ ಬರುತ್ತಾರೆ. ಈ ಪತ್ರವನ್ನು ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಸುದ್ದಿ ನಿಮ್ಮ ದೋಣಿಯದು. ಗೋವಾದಲ್ಲಿ ಯಾರೋ ಬಿಟ್ಟುಹೋದ ಹಳೆಯ ಹಾಯಿದೋಣಿಯನ್ನು ಲಾರಿಗೆ ಹೇರಿಸಿ, ಘಾಟು ಹತ್ತಿಸಿ, ಖಾನಾಪುರದಲ್ಲಿ ನನ್ನ ತವರಿನವರ ಮುಚ್ಚಿದ ಹೆಂಚಿನ ಕಾರ್ಖಾನೆಯಲ್ಲಿ ನೀವು ಇಳಿಸಿದಾಗ ಊರೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ. ನೀವು ಮಾತ್ರ ಅತ್ತೆಯ ಕೈ ಹಿಡಿದು, 'ಅವ್ವಾ, ಇದು ಸಮುದ್ರಕ್ಕ ಇಳದ ದಿನಾ ಕಂಪನಿ ಹಡಗಿಗೆ ಕೈ ಮುಗದು ಮನಿಗೆ ಬರ್ತೀನಿ' ಎಂದಿರಿ. ಗೋವಾದಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಾಡಿಸುವುದು, ವಾರಕ್ಕೊಮ್ಮೆ ಮನೆಗೆ ಬರುವುದು. ಎಷ್ಟು ಚೆಂದ ಹೇಳಿದಿರಿ! ಮರುದಿನವೇ ಅತ್ತೆ ಬಸದಿಗೆ ಹೋಗಿ, ದೋಣಿ ನೀರಿಗಿಳಿದು ಮಗ ಮನೆ ಸೇರುವವರೆಗೆ ಅನ್ನ ಮುಟ್ಟುವುದಿಲ್ಲ ಎಂದು ನಿಯಮ ಹಿಡಿದರು. ಜಾಂಬೋಟಿ ಅಕ್ಕಿಯ ಅನ್ನವೆಂದರೆ ಜೀವ ಬಿಡುವ ಹೆಂಗಸು. ಆಗ ಸುಯಶ ಬಾಲವಾಡಿಗೆ ಹೋಗುತ್ತಿದ್ದ, ಈಗ ಕನ್ನಡಿ ಮುಂದೆ ನಿಂತು ಮೀಸೆ ತಿದ್ದುತ್ತಾನೆ. ಅವರು ಇನ್ನೂ ಅನ್ನ ಮುಟ್ಟಿಲ್ಲ.

ಈ ಸಲ ನೀವು ಹೇಳಿದಂತೆಯೇ ಕೆಲಸ ಹಿಡಿಸಿದೆ. ಹಾಯಿಕಂಬವನ್ನು ಎರಡೂ ಬದಿಯಿಂದ ಬಿಗಿದು ಹಿಡಿಯುವ ತಂತಿಹಗ್ಗಗಳನ್ನು ಸಿಕ್ಕಿಸುವ ಉಕ್ಕಿನ ಪಟ್ಟಿಗಳಿವೆಯಲ್ಲ, ಅವನ್ನು ಬಿಚ್ಚಿಸಿದೆ. ಹೊರಗೆ ಕಾಣುವಷ್ಟು ಭಾಗ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಡೆಕ್ಕಿನೊಳಗೆ ಹುದುಗಿದ್ದ ಭಾಗ ಮಾತ್ರ ತುಕ್ಕು ತಿಂದು ಬಿರುಕು ಬಿಟ್ಟಿತ್ತು. ವಡಗಾವಿಯಲ್ಲಿ ಮಗ್ಗದ ಸಾಮಾನು ರಿಪೇರಿ ಮಾಡುವ ಈರಣ್ಣ ಇನ್ನೂ ದಪ್ಪನೆಯ ಸ್ಟೀಲಿನಲ್ಲಿ ಹೊಸ ಪಟ್ಟಿ ಮಾಡಿಕೊಟ್ಟ. ಮನೆಗೆ ತಂದಾಗ ಅತ್ತೆಯೂ ಅದನ್ನು ಮುಟ್ಟಿ ನೋಡಿದ್ದರು. ಒಳಗೆ ಕೆಟ್ಟಷ್ಟು ಹಲಗೆಯನ್ನು ಕೊಯ್ದು, ಹೊಸ ಪ್ಲೈವುಡ್ಡು ಕೂರಿಸಿ, ಫೈಬರ್ ಹಚ್ಚಿ, ಹಿಂದೆ ಇನ್ನೊಂದು ತಗಡು ಕೊಟ್ಟು ಬೋಲ್ಟು ಬಿಗಿದ. 'ವೈನಿ, ಇದಕ್ಕ ಆನಿ ಕಟ್ಟರಿ, ಕಿತ್ತ ಬರಾಂಗಿಲ್ಲ' ಎಂದು ಎದೆ ತಟ್ಟಿಕೊಂಡ. ನಾನೂ ನಂಬಿದೆ. ನಿನ್ನೆ ಗಟ್ಟಿತನ ನೋಡಲು ಕಾರ್ಖಾನೆಯ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಜಗ್ಗಿದೆವು. ಪಟ್ಟಿ ಬಾಗಲಿಲ್ಲ, ಬೋಲ್ಟು ಸಡಿಲವಾಗಲಿಲ್ಲ. ಈರಣ್ಣ ಕೂರಿಸಿದ ಹೊಸ ಹಲಗೆಯ ಸಮೇತ ಅದರ ಸುತ್ತಲಿನ ಹಳೆಯ ಕಟ್ಟಿಗೆಯೇ ಕಿತ್ತುಕೊಂಡು ಬಂತು. ಒಳಗೆ ಕೈ ಹಾಕಿದರೆ ಸೋಸಿದ ಚಹಾಪುಡಿಯಂತೆ ಮುಷ್ಟಿ ತುಂಬ ಬಂತು. ಈರಣ್ಣ ಆಚೆ ಕೊಯ್ದ, ಈಚೆ ಕೊಯ್ದ, ಗಟ್ಟಿ ಕಟ್ಟಿಗೆ ಎಲ್ಲೂ ಸಿಗಲಿಲ್ಲ. ಕೊನೆಗೆ ಗರಗಸ ಕೆಳಗಿಟ್ಟು, 'ಎಲ್ಲಿಗಂತ ಹಚ್ಚೂದ್ರೀ ವೈನಿ?' ಎಂದ. ದಿನವಿಡೀ ರವಿಕೆ ಹೊಲಿಯುವವಳು ನಾನು, ಬಟ್ಟೆಯೇ ಪಿಸಿದ ಮೇಲೆ ಹೊಸ ಹುಕ್ಕು ಹಚ್ಚಿ ಏನು ಪ್ರಯೋಜನ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿ ಮಳೆಗಾಲ 'ತಾಡಪತ್ರಿ ಬಿಗಿದ ಕಟ್ಟರಿ, ಒಂದ್ ಹನಿ ಒಳಗ ಹೋಗಬಾರದು' ಎಂದು ನೀವು ಫೋನು ಮಾಡುತ್ತಿದ್ದಿರಿ. ಕಾರ್ಖಾನೆಯ ಸೋರುವ ಮಾಡಿನಡಿ ಬಿಗಿದು ಕಟ್ಟಿದೆವು. ಒಳಗಿನ ತೇವವೂ ಹೊರಗೆ ಹೋಗಲಿಲ್ಲ. ಮತ್ತೆ ಸಮುದ್ರ ಕಾಣದೆಯೇ ನಿಮ್ಮ ದೋಣಿ ಖಾನಾಪುರದ ಮಳೆಗೆ ಕೊಳೆತುಹೋಯಿತು.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ರಜೆಗೆ ಬಂದಾಗಲೆಲ್ಲ ಅದರ ಮೈ ಸವರಿ, ಒಂದಿಷ್ಟು ಬಣ್ಣ ಬಳಿದು, 'ಮುಂದಿನ ವರ್ಷ' ಎಂದು ಹೊರಟುಬಿಡುತ್ತಿದ್ದಿರಿ. ಮನೆಗೆ ಬರುವುದಕ್ಕೆ ದೋಣಿ ಯಾಕೆ ಬೇಕಿತ್ತು? ಬೆಳಗಾವಿಗೆ ರೈಲು ಬರುತ್ತದೆ. ದೋಣಿಯಿಲ್ಲದೆಯೇ ಬನ್ನಿ ಎಂದು ಈಗಲೂ ಬರೆಯುತ್ತಿದ್ದೇನೆ, ಆದರೆ ಬರುತ್ತೀರೆಂಬ ನಂಬಿಕೆ ಉಳಿದಿಲ್ಲ. ನನ್ನದಿರಲಿ, ನಾನು ಒಗ್ಗಿಹೋಗಿದ್ದೇನೆ. ಅತ್ತೆಗೆ ಏನು ಹೇಳಲಿ? ನನ್ನ ಬಾಯಿಂದ ಆಗುವುದಿಲ್ಲ. ಅವರಿಗೆ ಹೇಳುವಂಥ ಒಂದು ಮಾತನ್ನು ನೀವೇ ಹುಡುಕಿ, ನೀವೇ ಹೇಳಿ. ಅಲ್ಲಿಯವರೆಗೆ ಕೆಲಸ ನಡೆದಿದೆ ಎನ್ನುತ್ತಿರುತ್ತೇನೆ. ಕಿತ್ತುಬಂದ ಪಟ್ಟಿಯನ್ನು ಅಲ್ಲೇ ಬಿಟ್ಟುಬರಲು ಮನಸ್ಸಾಗದೆ ಚೀಲದಲ್ಲಿ ತಂದು ಹೊಲಿಗೆ ಮಷಿನ್ನಿನ ಹಿಂದೆ ಇಟ್ಟಿದ್ದೇನೆ.

ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ ಕಳಿಸಿದ್ದೇನೆ, ಪ್ರಸಾದ ಅವರಿಗೂ ಒಂದಿಷ್ಟು ಕೊಡಿ. ಸುಯಶನ ನಮಸ್ಕಾರ, ಅತ್ತೆಯವರ ಆಶೀರ್ವಾದ. ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ
ತ್ರಿಶಲಾ

ತಾ.ಕ.: ಪ್ರಸಾದ ಅವರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅತ್ತೆಗೆ ಹೇಳುವ ಮಾತನ್ನು ಇನ್ನು ಹುಡುಕಬೇಡಿ. ಅಡುಗೆಗೆ ಮೊದಲು ಕಸ ಗುಡಿಸುವಾಗ ಪಟ್ಟಿ ಅವರ ಕೈಗೆ ಸಿಕ್ಕಿತು. 'ಇದ್ಯಾಕ ಹೊಳ್ಳಿ ಬಂತು?' ಎಂದರು. ಅದಕ್ಕೆ ಅಂಟಿದ್ದ ಕಟ್ಟಿಗೆಯನ್ನು ಬೆರಳಿನಿಂದ ತಿಕ್ಕಿ ನೋಡಿ, ಕೈ ತೊಳೆದು ಬಂದು, 'ತ್ರಿಶಲಾ, ಇವತ್ತ ನನಗೂ ಅನ್ನಕ್ಕ ಇಡವಾ' ಎಂದರು. 'ನಿಯಮ ಐತಲ್ಲರೀ ಅತ್ತಿ' ಎಂದೆ. 'ಅಂವ ಬರಾಂಗಿಲ್ಲ ಬಿಡವಾ. ಮುನಿ ಮಹಾರಾಜರ ಕಡೆ ಪ್ರಾಯಶ್ಚಿತ್ತ ತಗೋತೀನಿ' ಎಂದರು. ಅಳಲಿಲ್ಲ. ಪ್ರಸಾದ ಅವರ ಎದುರಿಗೇ ಕುಳಿತು ಉಂಡರು. ಮತ್ತೊಮ್ಮೆ ಅನ್ನ ಕೇಳಿ ಹಾಕಿಸಿಕೊಂಡರು. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.